ಅಂಗಳದಾಚೆಯ ವಿದೇಶ

ಆ ವಿಶ್ವವಿದ್ಯಾಲಯದ ವಿಮಾನ ಮತ್ತು ಬಾಹ್ಯಾಕಾಶ ಎಂಜಿನಿಯರಿಂಗ್ ವಿಭಾಗದ ವಿದ್ಯಾರ್ಥಿಗಳು ತಮ್ಮ ವ್ಯಾಸಂಗದ ಮೂರನೆಯ ವರ್ಷವನ್ನು ಕಡ್ಡಾಯವಾಗಿ ವಿದೇಶದಲ್ಲಿ ಕಳೆಯತಕ್ಕದ್ದೆಂಬ ನಿಯಮವು ವಿಭಾಗ ಸ್ಥಾಪನೆಯಾದ ದಿನದಿಂದಲೇ ಜಾರಿಯಲ್ಲಿದೆ. ವಿದೇಶದ ವ್ಯವಸ್ಥೆ ಮಾತ್ರ ಆಮೇಲೆ ಆಯಿತು.

ವಿಭಾಗದಲ್ಲಿ ಒಂದು ಗಾಳಿ ಸುರಂಗವೂ ಇತ್ತು. ಗಾಳಿ ಸುರಂಗವೆಂದರೆ ಮನುಷ್ಯ ಬಗ್ಗಿ ಒಳಗೆ ಹೋಗಬಹುದಾದಷ್ಟು ದೊಡ್ಡ ತಗಡಿನ ಕೊಳವೆ. ಅದರ ಒಂದು ತುದಿಯಲ್ಲಿ ಭಾರಿ ಫ್ಯಾನು ಇರುತ್ತದೆ. ನಡುವೆ ರೆಕ್ಕೆಯ ಮಾದರಿಯನ್ನು ಕಟ್ಟಿ, ಫ್ಯಾನು ತಿರುಗಿಸಿ, ರೆಕ್ಕೆ ಮೇಲೇಳುತ್ತದೆಯೋ ಇಲ್ಲವೋ ಎಂದು ನೋಡುತ್ತಾರೆ. ಇಲ್ಲಿಯ ಫ್ಯಾನನ್ನು ಒಂದು ಬೇಸಿಗೆಯಲ್ಲಿ ಉನ್ನತ ಮಟ್ಟದ ಪರಿಶೀಲನೆಗೆಂದು ಬಿಚ್ಚಿಕೊಂಡು ಹೋಗಲಾಗಿತ್ತು. ಪರಿಶೀಲನೆ ಮುಂದಿನ ಬೇಸಿಗೆಗಳಲ್ಲಿಯೂ ಮುಂದುವರಿಯಿತು. ಹಾಗೆಂದು ಪಾಠವೇನೂ ನಿಲ್ಲಲಿಲ್ಲ. ಉಪನ್ಯಾಸಕರು ಕೊಳವೆಯ ಬಾಯಿಯ ಬಳಿ ನಿಂತು, "ಈಗ ಗಾಳಿ ಬೀಸ್ತು ಅಂತ ಇಟ್ಕೊಳ್ಳಿ" ಎನ್ನುತ್ತಿದ್ದರು. ವಿದ್ಯಾರ್ಥಿಗಳು ಇಟ್ಟುಕೊಳ್ಳುತ್ತಿದ್ದರು.

ಒಬ್ಬ ಹುಡುಗಿ ಮಾತ್ರ ಕೈಯೆತ್ತಿ ಕೇಳಿದಳು: "ಎಷ್ಟು ಜೋರಾಗಿ ಬೀಸ್ತು ಸರ್?"

"ನೀವು ಪಾಸಾಗೋಷ್ಟು ಜೋರಾಗಿ" ಎಂದು ಉಪನ್ಯಾಸಕರು ಉತ್ತರಿಸಿದರು.

ಆ ಹುಡುಗಿಯನ್ನು ಮನೆಯಲ್ಲಿ ಚಿನ್ನಿ ಎಂದು ಕರೆಯುತ್ತಿದ್ದರು. ಅವಳ ತಾಯಿ ಹೊಲಿಗೆಯವರು. ವಿಶ್ವವಿದ್ಯಾಲಯದ ಹಿಂದಿನ ಬೀದಿಯಲ್ಲಿ, ಕಿಟಕಿಗೆ ತಾಗಿಸಿಟ್ಟ ಹೊಲಿಗೆ ಯಂತ್ರದ ಮುಂದೆ ಕುಳಿತು ಶಾಲೆಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದರು. ಚಿನ್ನಿ ಹಳೆಯ ಕೊಡೆಯೊಂದರ ಕಡ್ಡಿಗಳನ್ನು ಬಗ್ಗಿಸಿ, ಕಟ್ಟಿ, ಮತ್ತೆ ಬಿಚ್ಚಿ, ಮತ್ತೆ ಬಗ್ಗಿಸಿ ಒಂದು ರೆಕ್ಕೆಯ ಚೌಕಟ್ಟು ಮಾಡಿದ್ದಳು. ಅದಕ್ಕೆ ತಾಯಿ ತೆಳು ಅಸ್ತರಿನ ಬಟ್ಟೆಯನ್ನು ಬಿಗಿಯಾಗಿ ಹೊಲಿದುಕೊಟ್ಟಿದ್ದರು.

"ಇದು ಹಾರತ್ತೇನೇ?" ಎಂದು ತಾಯಿ ದಾರ ಕಡಿಯುತ್ತ ಕೇಳಿದರು.

"ಗಾಳಿ ಸಿಕ್ಕಿದ್ರೆ ಗೊತ್ತಾಗತ್ತಮ್ಮ."

"ಅದೇನು ಕಾಲೇಜೋ! ಗಾಳಿಗೂ ಗತಿ ಇಲ್ಲ."

"ಫಾರಿನ್ನಲ್ಲಿ ಇರತ್ತಮ್ಮ. ಅಲ್ಲಿಗೆ ಹೋದ ಕೂಡ್ಲೆ ನೋಡ್ತೀನಿ."

ನೋಡದೆ ಅವಳಿಗೆ ಗತ್ಯಂತರವೂ ಇರಲಿಲ್ಲ. ವಿದೇಶದ ವರ್ಷದಲ್ಲಿ ತಾನೇ ಮಾಡಿದ ರೆಕ್ಕೆಯನ್ನು ನಿಜವಾದ ಗಾಳಿಯಲ್ಲಿ ಪರೀಕ್ಷಿಸಿದವರು ಮಾತ್ರ ಕೊನೆಯ ವರ್ಷಕ್ಕೆ ಹೋಗತಕ್ಕದ್ದೆಂದೂ ಉಳಿದವರು ಮೊದಲನೆಯ ವರ್ಷಕ್ಕೆ ಮರಳತಕ್ಕದ್ದೆಂದೂ ನಿಯಮವಿತ್ತು. ಪದವಿಯ ಮಾತು ಒಂದು ಕಡೆ ಇರಲಿ. ರೆಕ್ಕೆ ಏಳುತ್ತದೆಯೋ ಇಲ್ಲವೋ ಎಂಬ ಚಿಂತೆಯಲ್ಲಿ ಅವಳಿಗೆ ಅನ್ನ ಸೇರುತ್ತಿರಲಿಲ್ಲ. ತಾಯಿಯಂತೂ ಹೊರದೇಶದ ಚಳಿಗೆಂದು ದಪ್ಪ ಬಟ್ಟೆಯ ಕೋಟೊಂದನ್ನು ಆಗಲೇ ಹೊಲಿದು ಗೂಟಕ್ಕೆ ನೇತುಹಾಕಿದ್ದರು.

ವಿದೇಶದ ವಿಶ್ವವಿದ್ಯಾಲಯವೊಂದರ ಜೊತೆ ಒಪ್ಪಂದಕ್ಕೆ ಸಹಿ ಹಾಕಲು ವಿಭಾಗದ ಮುಖ್ಯಸ್ಥರು ಸ್ವತಃ ತೆರಳಿದರು. ಅದೇ ವಾರ ಆ ವಿಶ್ವವಿದ್ಯಾಲಯದ ಮುಖ್ಯಸ್ಥರು ಅದೇ ಒಪ್ಪಂದಕ್ಕೆ ಸಹಿ ಹಾಕಲು ಇಲ್ಲಿಗೆ ಬಂದರು. ಇಬ್ಬರನ್ನೂ ಆಯಾ ಕಡೆಯ ಕಾವಲುಗಾರರು ಗೌರವದಿಂದ ಬರಮಾಡಿಕೊಂಡು ಖಾಲಿ ಕುರ್ಚಿಗಳನ್ನು ತೋರಿಸಿದರು. ಲೋಪವನ್ನು ಸರಿಪಡಿಸಲು ನಮ್ಮ ಮುಖ್ಯಸ್ಥರು ಮತ್ತೊಮ್ಮೆ ಹೋದರು. ಅವರಂತೆಯೇ ಸಜ್ಜನರಾದ ಆ ಮುಖ್ಯಸ್ಥರೂ ಮತ್ತೊಮ್ಮೆ ಬಂದರು. ಮೂರನೆಯ ಸಲ ಮುಖ್ಯಸ್ಥರ ಪತ್ನಿಯವರು ಹವಾಮಾನದ ಅಧ್ಯಯನಕ್ಕೂ ಭಾವಮೈದುನರು ಪೆಟ್ಟಿಗೆ ಹೊರುವುದಕ್ಕೂ ಜೊತೆಯಲ್ಲಿ ಹೋಗಿಬಂದರು. ಆ ಹೊತ್ತಿಗೆ ವಿದ್ಯಾರ್ಥಿಗಳನ್ನು ವಿದೇಶಕ್ಕೆ ಕಳುಹಿಸಲೆಂದು ಇಟ್ಟಿದ್ದ ನಿಧಿಯು, ವಿದೇಶವು ಇದ್ದಲ್ಲಿಯೇ ಇದೆಯೆಂದು ಖಚಿತಪಡಿಸಿಕೊಳ್ಳುವುದರಲ್ಲಿ ಸಂಪೂರ್ಣವಾಗಿ ಸದ್ವಿನಿಯೋಗವಾಗಿತ್ತು.

ಹೀಗಿರಲಾಗಿ ಸೂಚನಾ ಫಲಕದ ಮೇಲೆ ಈ ಕೆಳಗಿನ ಪ್ರಕಟಣೆ ಕಾಣಿಸಿಕೊಂಡಿತು:

"ವಿದ್ಯಾರ್ಥಿಗಳ ಹಿತದೃಷ್ಟಿಯಿಂದ, ಅಂಗಳದಾಚೆಯ ಹೊಸ ಕಟ್ಟಡವನ್ನು ಈ ಶೈಕ್ಷಣಿಕ ವರ್ಷದಿಂದ ವಿದೇಶವೆಂದು ಘೋಷಿಸಲಾಗಿದೆ. ಸದರಿ ಕಟ್ಟಡದ ಗಡಿಯಾರಗಳನ್ನು ಹಿಂದಕ್ಕೆ ತಿರುಗಿಸಲಾಗಿದೆ. ವಿದೇಶದಲ್ಲಿರುವ ವಿದ್ಯಾರ್ಥಿಗಳು ವರ್ಷ ಮುಗಿಯುವ ತನಕ ಹಳೆಯ ಕಟ್ಟಡವನ್ನು, ಅಂದರೆ ಸ್ವದೇಶವನ್ನು, ಪ್ರವೇಶಿಸತಕ್ಕದ್ದಲ್ಲ. ಸಂಜೆ ತಮ್ಮ ತಮ್ಮ ಮನೆಗಳಿಗೆ ಹೋಗಿ ಉಂಡು ಮಲಗುವುದನ್ನು ಮನೆಯ ಹಂಬಲವೆಂದು ಪರಿಗಣಿಸಲಾಗುವುದು. ವಿದೇಶದಲ್ಲಿರುವವರಿಗೆ ಅದು ಸಹಜವಾದುದರಿಂದ ದಂಡವಿರುವುದಿಲ್ಲ."

ಹೊಸ ಕಟ್ಟಡದೊಳಗೆ ವಿದ್ಯಾರ್ಥಿಗಳು ಅದುವರೆಗೆ ಕಾಲಿಟ್ಟಿರಲಿಲ್ಲ. ಅಲ್ಲಿ ಮುಖ್ಯಸ್ಥರ ಹೊಸ ಕೊಠಡಿಯಿತ್ತು. ಅವರನ್ನು ಕಾಣಬೇಕಾದವರು ಹಳೆಯ ಕಟ್ಟಡದ ಹಳೆಯ ಕೊಠಡಿಯ ಮುಂದೆ, ಅವರು ಬರುವ ತನಕ ಕಾಯುವುದು ರೂಢಿಯಾಗಿತ್ತು. ಆದ್ದರಿಂದ ಅದು ವಿದೇಶವೆಂದಾಗ ಯಾರಿಗೂ ಅಷ್ಟಾಗಿ ಆಶ್ಚರ್ಯವಾಗಲಿಲ್ಲ.

ಹೊರಡುವ ದಿನ ತಾಯಿ ಅಂಗಳದ ತನಕ ಬಂದರು. ಸೆರಗಿನಿಂದ ಕಣ್ಣೊರೆಸಿಕೊಂಡು, ಮಗಳ ಕೋಟಿನ ಕಾಲರು ಸರಿಪಡಿಸಿದರು.

"ಹುಷಾರು ಕಣೇ. ಹೊರದೇಶ."

"ಅಮ್ಮಾ, ಅಲ್ಲಿ ಕಾಣ್ತಿದೆಯಲ್ಲ, ಆ ಬಾಗಿಲು."

"ಕಂಡ್ರೇನು? ನನ್ನನ್ನ ಒಳಗೆ ಬಿಡ್ತಾರಾ? ಇಲ್ವಲ್ಲ. ಮತ್ತೆ ದೂರ ತಾನೇ."

ಚಿನ್ನಿ ರೆಕ್ಕೆಯನ್ನು ಎದೆಗವಚಿಕೊಂಡು ಅಂಗಳ ದಾಟಿದಳು.

ವಿದೇಶದ ಬಾಗಿಲಲ್ಲಿ ಕಾವಲುಗಾರ ಒಂದು ಮೇಜು ಹಾಕಿಕೊಂಡು ಮೊಹರು ಹಿಡಿದು ಕುಳಿತಿದ್ದ. ನಿನ್ನೆಯವರೆಗೆ ಅವನು ಹಳೆಯ ಕಟ್ಟಡದ ಬಾಗಿಲಲ್ಲಿದ್ದವನು.

"ಬಂದ ಉದ್ದೇಶ?"

"ಅಣ್ಣಾ, ನಾನು ಚಿನ್ನಿ. ದಿನಾ ನೋಡ್ತೀಯಲ್ಲ!"

"ಅಣ್ಣ ತಂಗಿ ಎಲ್ಲ ಆ ಕಡೆ ಕಣಮ್ಮ. ಇಲ್ಲಿ ಸಾಹೇಬ್ರು. ಬಂದ ಉದ್ದೇಶ?"

"ಗಾಳಿ."

"ತಿನ್ನೋ ಪದಾರ್ಥ ಏನಾದ್ರೂ ತಂದಿದೀರಾ?"

"ಅಮ್ಮ ಕೊಟ್ಟ ಬುತ್ತಿ ಇದೆ."

"ಹೊರಗಿನ ಆಹಾರ ಒಳಗೆ ಬಿಡೋ ಹಾಗಿಲ್ಲ. ರೋಗ ಗೀಗ ಇದ್ರೆ?" ಎಂದು ಕಾವಲುಗಾರ ಬುತ್ತಿಯನ್ನು ಬಿಚ್ಚಿ, ದೇಶದ ಆರೋಗ್ಯದ ದೃಷ್ಟಿಯಿಂದ ಕೊನೆಯ ತುತ್ತಿನವರೆಗೂ ಪರೀಕ್ಷಿಸಿದ. "ಅಮ್ಮನಿಗೆ ಹೇಳಮ್ಮ, ನಾಳೆ ಉಪ್ಪು ಒಂದು ಚೂರು ಕಮ್ಮಿ ಹಾಕೋಕೆ" ಎಂದು ಮೊಹರು ಒತ್ತಿದ. ಮರುದಿನದಿಂದ ತಾಯಿ ಎರಡು ಬುತ್ತಿ ಕಟ್ಟತೊಡಗಿದರು.

ಒಳಗೆ ನಿಜಕ್ಕೂ ಚಳಿಯಿತ್ತು. ಚಳಿ ಎಲ್ಲಿಂದ ಬರುತ್ತಿದೆಯೆಂದು ಹುಡುಕುತ್ತ ಹೋದ ಚಿನ್ನಿ, ಮಹಡಿಯ ದೊಡ್ಡ ಕೊಠಡಿಯ ಬಾಗಿಲಲ್ಲಿ ನಿಂತುಬಿಟ್ಟಳು. ಮೇಜಿನ ಹಿಂದೆ ಮುಖ್ಯಸ್ಥರು ಕುಳಿತಿದ್ದರು. ಅವರ ಕುರ್ಚಿಯ ಹಿಂದೆ, ಗೋಡೆಯ ಎತ್ತರಕ್ಕೆ, ಗಾಳಿ ಸುರಂಗದ ಫ್ಯಾನು ಅತ್ಯಂತ ನಿಧಾನದ ವೇಗದಲ್ಲಿ ತಿರುಗುತ್ತಿತ್ತು. ಉನ್ನತ ಮಟ್ಟದ ಪರಿಶೀಲನೆ ನಡೆದಿತ್ತು.

"ಯಾವ ದೇಶದವರಮ್ಮ ನೀವು?" ಎಂದು ಮುಖ್ಯಸ್ಥರು ಕೇಳಿದರು. ಈ ಕಟ್ಟಡದಲ್ಲಿ ಅವರು ಮುಖ್ಯಸ್ಥರಾಗಿರದೆ ವಿದೇಶಿ ಪ್ರಾಧ್ಯಾಪಕರಾಗಿದ್ದರು. ದಿನವೂ ಅಂಗಳ ದಾಟುವುದಕ್ಕಾಗಿ ಅವರಿಗೆ ಪ್ರವಾಸ ಭತ್ಯೆಯೂ ಇತ್ತು.

"ಎದುರಿನ ಕಟ್ಟಡದವಳು ಸರ್."

"ಓಹೋ. ಕೇಳಿದ್ದೀನಿ ನಿಮ್ಮ ದೇಶದ ಬಗ್ಗೆ. ಅಲ್ಲಿ ಗಾಳಿ ಸುರಂಗಕ್ಕೆ ಫ್ಯಾನೇ ಇಲ್ವಂತೆ. ಪಾಪ."

"ಹೌದು ಸರ್. ಅದಕ್ಕೇ ಇಲ್ಲಿಗೆ ಬಂದಿದ್ದು. ನಿಮ್ಮ ಫ್ಯಾನಿನ ಮುಂದೆ ನನ್ನ ರೆಕ್ಕೆ ಒಂದು ಸಲ ಇಟ್ಟು ನೋಡ್ಲಾ?"

"ಛೆ ಛೆ. ನೆಗಡಿಯಾಗತ್ತೆ ನನಗೆ, ಜೋರು ಮಾಡಿದ್ರೆ. ಅಲ್ಲದೆ ನಿಮ್ಮ ದೇಶದ ವಿಭಾಗದ ಮುಖ್ಯಸ್ಥರ ಅನುಮತಿ ಬೇಕು."

"ಸರ್, ಅದು ನೀವೇ."

"ಅಲ್ಲಿ" ಎಂದು ಅವರು ತಾಳ್ಮೆಯಿಂದ ತಿದ್ದಿದರು. "ಅಲ್ಲಿ ಹೋಗಿ ಕೇಳಿ."

ಅಲ್ಲಿ ಹೋಗುವುದಕ್ಕೆ ನಿಯಮ ಅಡ್ಡ ಬರುತ್ತಿತ್ತು. ಹೀಗೆಯೇ ತಿಂಗಳುಗಳು ಕಳೆದವು. ಚಿನ್ನಿ ದಿನವೂ ರೆಕ್ಕೆಯನ್ನು ಹೊತ್ತು ವಿದೇಶಕ್ಕೆ ಹೋಗುವಳು. ಸಂಜೆ ಹೊತ್ತು ತರುವಳು. ಮನೆಯಲ್ಲಿ ಪಕ್ಕದ ಮನೆಯ ಅತ್ತೆ ಬಂದು, "ಮಗಳು ಫಾರಿನ್ನಲ್ಲಿದಾಳಂತೆ?" ಎಂದರೆ ತಾಯಿ, "ಹೌದು ಅತ್ತೆ, ಅಲ್ಲೇ ಇದಾಳೆ" ಎನ್ನುವರು.

"ಮತ್ತೆ ಹಿತ್ತಲಲ್ಲಿ ಪಾತ್ರೆ ತೊಳೀತಿರೋದು ಯಾರು?"

"ಅವಳೇ. ಹಂಬಲ ತಡೀಲಾರ್ದೆ ಬಂದಿದಾಳೆ."

ಅತ್ತೆ ತಲೆದೂಗಿ, ಹೋಗುವಾಗ ಚಿನ್ನಿಯನ್ನು ಮಾತನಾಡಿಸದೆ ಹೋಗುವರು. ಅಷ್ಟು ದೂರದಲ್ಲಿರುವವಳನ್ನು ಮಾತನಾಡಿಸುವುದು ಹೇಗೆ?

ವರ್ಷ ಮುಗಿಯುತ್ತ ಬಂತು. ರೆಕ್ಕೆಯ ಬಟ್ಟೆ ಎರಡು ಕಡೆ ಸಡಿಲವಾಗಿತ್ತು; ತಾಯಿ ಮತ್ತೆ ಬಿಗಿ ಮಾಡಿದರು. "ಮೊದಲ್ನೇ ವರ್ಷಕ್ಕೆ ವಾಪಸ್ ಕಳ್ಸಿದ್ರೆ ನನ್ನ ಕೈಲಿ ಆಗಲ್ಲ ಚಿನ್ನಿ" ಎಂದಷ್ಟೇ ಹೇಳಿ, ಯಂತ್ರದ ಚಕ್ರ ತಿರುಗಿಸಿದರು. ಅವರು ಗದರಿದ್ದರೆ ಚಿನ್ನಿಗೆ ಇಷ್ಟು ನೋಯುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಮುಖ್ಯಸ್ಥರು ಎಂದಿನಂತೆ ಅಂಗಳ ದಾಟಿ ಸ್ವದೇಶಕ್ಕೆ ಮರಳಿ, ಹಳೆಯ ಕೊಠಡಿಯ ಕಿಟಕಿ ತೆರೆದರು. ಎದುರಿನ ಕಟ್ಟಡದಲ್ಲಿ, ಅವರದೇ ಕೊಠಡಿಯ ಕಿಟಕಿಯಲ್ಲಿ, ಚಿನ್ನಿ ನಿಂತಿದ್ದಳು.

"ಸರ್!" ಎಂದು ಅವಳು ಹುಟ್ಟಿದಾರಭ್ಯ ಕೂಗದಷ್ಟು ಜೋರಾಗಿ ಕೂಗಿದಳು. "ನಾನು ನಿಮ್ಮ ವಿದ್ಯಾರ್ಥಿನಿ ಸರ್, ವಿದೇಶದಿಂದ ಮಾತಾಡ್ತಿದೀನಿ!"

"ಹೇಳಮ್ಮ, ಹೇಳಮ್ಮ! ಹೇಗಿದೀಯ ಅಲ್ಲಿ? ಊಟ ಗೀಟ ಸೇರತ್ತಾ?" ಮುಖ್ಯಸ್ಥರು ಕಿಟಕಿಯಿಂದ ಮುಂದಕ್ಕೆ ಬಾಗಿದರು. ತಮ್ಮ ವಿದ್ಯಾರ್ಥಿಗಳ ಮೇಲೆ ಅವರಿಗೆ ಇದ್ದ ವಾತ್ಸಲ್ಯ ಸುಳ್ಳಲ್ಲ.

"ಇಲ್ಲಿ ಫ್ಯಾನಿದೆ ಸರ್! ಇಲ್ಲಿಯ ಪ್ರಾಧ್ಯಾಪಕರು ಮುಟ್ಟೋಕೆ ಬಿಡಲ್ಲ!"

"ಬಿಡಲ್ವಾ? ಯಾಕಂತೆ?"

"ಅವರಿಗೆ ನೆಗಡಿಯಾಗತ್ತಂತೆ!"

ಮುಖ್ಯಸ್ಥರ ಮುಖ ಕೆಂಪಾಯಿತು. "ನೋಡಿದ್ರಾ ಹೊರದೇಶದವರ ಕೊಬ್ಬು! ಅವನ ನೆಗಡಿಗೋಸ್ಕರ ನಮ್ಮ ಹುಡುಗಿ ಓದು ಹಾಳಾಗ್ಬೇಕಾ? ನಾನು ಅನುಮತಿ ಕೊಟ್ಟಿದೀನಿ. ಹಾಕಮ್ಮ ಫ್ಯಾನು! ಪೂರ್ತಿ ಹಾಕು! ಅವನೇನಾದ್ರೂ ಅಂದ್ರೆ ನನ್ನ ಹೆಸರು ಹೇಳು!"

ಚಿನ್ನಿ ರೆಕ್ಕೆಯನ್ನು ಮೇಜಿನ ಕಾಲಿಗೆ ದಾರದಿಂದ ಕಟ್ಟಿ, ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಳು.

ಫ್ಯಾನು ಮೊದಲು ಗೊಣಗಿತು. ಆಮೇಲೆ, ತಾನು ಯಾವ ಕೆಲಸಕ್ಕೆ ಹುಟ್ಟಿದ್ದೆಂದು ನೆನಪಾದಂತೆ, ಮೊರೆಯಿತು. ಪರದೆಗಳು ಅಡ್ಡಡ್ಡ ನಿಂತವು. ಪ್ರವಾಸ ಭತ್ಯೆಯ ಕಾಗದಗಳೆಲ್ಲ ಕಿಟಕಿಯಿಂದಾಚೆ ಹೊರಟವು. ರೆಕ್ಕೆ ಒಮ್ಮೆ ನಡುಗಿತು, ಮೂಗು ಕೆಳಗೆ ಹಾಕಿತು. ಆಮೇಲೆ ಮೆಲ್ಲಗೆ, ಯಾರೋ ಕೈಕೊಟ್ಟು ಎಬ್ಬಿಸಿದಂತೆ, ಅದು ನೆಲ ಬಿಟ್ಟು ಮೇಲೆದ್ದು, ಅವಳ ಎದೆಯ ಮಟ್ಟಕ್ಕೆ ಬಂದು ನಿಂತಿತು. ತಾಯಿಯ ಹೊಲಿಗೆ ಒಂದೂ ಬಿಡಲಿಲ್ಲ. ಮೇಜಿನ ಕಾಲಿಗೆ ಕಟ್ಟಿದ್ದ ದಾರ ಬಿಟ್ಟಿತು. ರೆಕ್ಕೆ ಕಿಟಕಿಯಿಂದ ಹೊರಟು, ಅಂಗಳದ ಮೇಲೆ ಒಂದು ಸುತ್ತು ತಿರುಗಿ, ಎದುರಿನ ಕಿಟಕಿಯ ಮೂಲಕ ಮುಖ್ಯಸ್ಥರ ಮಡಿಲಿಗೆ ಇಳಿಯಿತು.

ಕೆಳಗೆ ಕಾವಲುಗಾರ ಮೊಹರು ಎತ್ತಿಕೊಂಡು ಓಡಿಬಂದಿದ್ದ. ಹಾರಿಬಂದ ಕಾಗದಗಳಿಗೆ ಒಂದೊಂದಾಗಿ ಒತ್ತಿದ; ರೆಕ್ಕೆ ಕೈಗೆ ಸಿಗದೆ ಹೋದದ್ದಕ್ಕೆ ಇಂದಿಗೂ ಕೊರಗುತ್ತಾನೆ.

ಇದನ್ನು ವಿಭಾಗದ ಪ್ರಥಮ ಅಂತರರಾಷ್ಟ್ರೀಯ ಹಾರಾಟವೆಂದು ಘೋಷಿಸಲಾಯಿತು. ಬೆಳಿಗ್ಗೆ ಹೊಸ ಕಟ್ಟಡದಲ್ಲಿ ವಿದೇಶಿ ಪ್ರಾಧ್ಯಾಪಕರಿಗೂ ಮಧ್ಯಾಹ್ನ ಹಳೆಯ ಕಟ್ಟಡದಲ್ಲಿ ಮುಖ್ಯಸ್ಥರಿಗೂ ಸನ್ಮಾನ ನಡೆಯಿತು. ಎರಡಕ್ಕೂ ಒಂದೇ ಶಾಲು ಸಾಕಾಯಿತೆಂದು ಮಿತವ್ಯಯಕ್ಕಾಗಿ ಅವರನ್ನು ಪ್ರತ್ಯೇಕವಾಗಿ ಅಭಿನಂದಿಸಲಾಯಿತು. ಚಿನ್ನಿಯನ್ನೂ, ಅದೇ ಗಾಳಿ ತಗುಲಿತೆಂಬ ಕಾರಣಕ್ಕೆ ಅವಳ ಸಹಪಾಠಿಗಳನ್ನೂ ಕೊನೆಯ ವರ್ಷಕ್ಕೆ ತೇರ್ಗಡೆ ಮಾಡಲಾಯಿತು. ಫ್ಯಾನು ವಿದೇಶಕ್ಕೆ ಸೇರಿದ ಸ್ವತ್ತಾದ್ದರಿಂದ ಇದ್ದಲ್ಲಿಯೇ ಉಳಿಯಿತು.

ವರ್ಷ ತುಂಬಿದ ದಿನ ತಾಯಿ ಅಂಗಳದಲ್ಲಿ ಕಾದಿದ್ದರು. ಪಕ್ಕದ ಮನೆಯ ಅತ್ತೆಯೂ ಬಂದಿದ್ದರು. ಅಂದು ಬೆಳಿಗ್ಗೆಯಷ್ಟೇ ಮನೆಯಿಂದ ಹೊರಟಿದ್ದ ಮಗಳನ್ನು ತಾಯಿ ಬಾಚಿ ತಬ್ಬಿಕೊಂಡರು.

"ಬೆಳ್ಳಗಾಗಿದಾಳೆ" ಎಂದರು ಅತ್ತೆ.

"ಹಾರ್ತಮ್ಮ" ಎಂದಳು ಚಿನ್ನಿ. ರೆಕ್ಕೆ ಹಾರಿದ ದಿನವೇ ಅವಳು ಅದನ್ನು ಮನೆಯಲ್ಲಿ ಹೇಳಿದ್ದಳು. ತಾಯಿ ಈಗಲೇ ಮೊದಲು ಕೇಳಿದವರಂತೆ ಅತ್ತರು.

ಕೊನೆಯ ವರ್ಷದ ಮೊದಲ ತರಗತಿ ಗಾಳಿ ಸುರಂಗದ ಕೋಣೆಯಲ್ಲಿಯೇ ನಡೆಯಿತು. ಉಪನ್ಯಾಸಕರು ಕೊಳವೆಯ ಬಾಯಿಯ ಬಳಿ ನಿಂತು, ವಿದೇಶದಿಂದ ಮರಳಿದವರನ್ನು ಸ್ವಾಗತಿಸಿ, "ಈಗ ಗಾಳಿ ಬೀಸ್ತು ಅಂತ ಇಟ್ಕೊಳ್ಳಿ" ಎಂದರು.

"ಎಷ್ಟು ಜೋರಾಗಿ ಸರ್?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು.

ಉಪನ್ಯಾಸಕರು ಚಿನ್ನಿಯ ಕಡೆ ನೋಡಿದರು. ಈಗ ಅವಳು ತಿಳಿದವಳು.

ಚಿನ್ನಿ ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡಳು. ಅದನ್ನು ಕಂಡ ಉಳಿದವರು ಗಡಬಡಿಸಿ, ತಮ್ಮ ತಮ್ಮ ಕಾಗದಗಳನ್ನು ಎರಡೂ ಕೈಗಳಿಂದ ಒತ್ತಿಹಿಡಿದರು.