ಕಾಕಾ ಬಿಚ್ಚಿ ಕಟ್ಟಿದ ಹಾಡುಗಳು

ನಮ್ಮ ಕಾಕಾನ ಕೈಗೆ ಒಮ್ಮೆ ಸಿಕ್ಕ ಹಾಡು ಮತ್ತೆ ತನ್ನ ತವರಿಗೆ ಮರಳಿದ್ದಿಲ್ಲ. ಎಷ್ಟೇ ಮೆದುವಾದ ಸಿನಿಮಾ ಹಾಡಿರಲಿ, ಅದಕ್ಕೆ ಡ್ರಮ್ಮು, ಎಲೆಕ್ಟ್ರಿಕ್ ಗಿಟಾರು ಹಚ್ಚಿ ರಾಕ್ ಮಾಡಿಯೇ ಬಿಡುತ್ತಿದ್ದ. ಇಡೀ ಸೇಡಂನಲ್ಲಿ ಈ ಉದ್ಯೋಗದವನು ಅವನೊಬ್ಬನೇ. ಇನ್ನೊಬ್ಬನಿದ್ದಿದ್ದರೆ ನಮ್ಮ ಓಣಿಯ ಗತಿ ಏನಾಗಬೇಕಿತ್ತು? ಅಂಥ ಗಿಟಾರನ್ನು ಒಮ್ಮೆ ನಾನೇ ನನ್ನ ಒಂದು ಮಾತಿನಿಂದ ನಿಲ್ಲಿಸಿದೆ. ಆಮೇಲಿನ ಮೂರು ವಾರ ನನಗೆ ಊಟ ರುಚಿಸಲಿಲ್ಲ.

ಕಾಕಾ ಬೇಳೆ ಮಿಲ್ಲಿನಲ್ಲಿ ಫಿಟರ್ ಆಗಿದ್ದವನು. ನಿವೃತ್ತನಾದ ಮೇಲೆ ಬಿಚ್ಚಲು ಮೋಟರು ಸಿಗದೆ ಹಾಡುಗಳಿಗೆ ಕೈ ಹಾಕಿದ. ಫೋನು ನೋಡಿ ಗಿಟಾರು ಕಲಿತ, ಶಾಮಿಯಾನದವನ ಹಳೆಯ ಸ್ಪೀಕರು ತಂದ, ಮಹಡಿಯ ಖೋಲಿಯಲ್ಲಿ ಪಟ್ಟಾಗಿ ಕೂತ. ಹೊಸ ಹಾಡು ಬಂದರೆ ಹತ್ತು ಸಲ ಕೇಳಿ, ಅದರಲ್ಲಿರುವ ವಾದ್ಯಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದು, ಬೇಡದ್ದಕ್ಕೆ ಕಾಟು ಹೊಡೆಯುತ್ತಿದ್ದ. ಕೊಳಲಿಗೆ ಕಾಟು. ಪಿಟೀಲಿಗೆ ಕಾಟು. ಗಾಯಕಿಯ ನಿಟ್ಟುಸಿರಿಗೂ ಕಾಟು!

"ಪಾಕ ಭಾಳ ಆಗ್ಯಾದ ತಮ್ಮಾ, ಜರಾ ಖಾರ ಹಾಕಬೇಕು" ಎನ್ನುತ್ತಿದ್ದ.

ಕೊಳಲಿನ ಪಾಲು ಗಿಟಾರಿಗೆ ಬರುತ್ತಿತ್ತು, ತಬಲಾದ ಜಾಗದಲ್ಲಿ ಲ್ಯಾಪ್‌ಟಾಪಿನ ಡ್ರಮ್ಮು ಕೂರುತ್ತಿತ್ತು. ಎಲ್ಲ ಮುಗಿದ ಮೇಲೆ ಪರೀಕ್ಷೆ. ತಾಟಿನಲ್ಲಿ ಒಂದು ಹಿಡಿ ತೊಗರಿಬೇಳೆ ಹಾಕಿ ಸ್ಪೀಕರಿನ ಮೇಲಿಡುವನು. ಬೇಳೆ ಕುಣಿದು ಕುಣಿದು ನಡುವೆ ಗುಂಪಾದರೆ ಹಾಡು ಪಾಸು. ಇದ್ದಲ್ಲೇ ಇದ್ದರೆ ಹಾಡನ್ನು ಮತ್ತೆ ಬಿಚ್ಚುವನು. ಅದೇ ಬೇಳೆಯನ್ನು ಮರುದಿನ ನಮ್ಮ ಕಾಕಿ, ಅಂದರೆ ಅವನ ಹೆಂಡತಿ, ಸಾರಿಗೆ ಹಾಕುತ್ತಿದ್ದಳು.

ಚಿಂಚೋಳಿಯಲ್ಲಿ ನಮ್ಮ ಅತ್ತೆಯ ಮಗನ ಮದುವೆ. ಮದುಮಗಳು ಮಂಟಪಕ್ಕೆ ಬರುವಾಗ ಮೆಲ್ಲನೆಯ ಹಾಡೊಂದು ನುಡಿಸಪ್ಪಾ ಎಂದು ಅತ್ತೆ ಕೇಳಿಕೊಂಡಳು. ಸುಳ್ಳು ಯಾಕೆ ಹೇಳಲಿ, ಕಾಕಾ ಮೆಲ್ಲಗೇ ಶುರು ಮಾಡಿದ. ಎರಡನೆಯ ಸಾಲಿಗೆ ಡ್ರಮ್ಮು ಧಡಧಡ ಎಂದಿತು. ನಮ್ಮ ಕಡೆ ಅಕ್ಷತೆ ಬೀಳುವ ಹೊತ್ತಿಗೆ ಬಾಜಾ ಜೋರಾಗುತ್ತದಲ್ಲ? ಮುಹೂರ್ತ ಬಂತೆಂದು ಮಂದಿಯೆಲ್ಲ ಎದ್ದು ನಿಂತು ಅಕ್ಷತೆ ಎಸೆದೇಬಿಟ್ಟರು. ಮದುಮಗಳು ಇನ್ನೂ ಬಾಗಿಲಲ್ಲಿದ್ದಳು! ಮದುಮಗನೊಬ್ಬನಿಗೇ ಮದುವೆಯಾಗಿ ಹೋಯಿತು. ಮತ್ತೆ ಅಕ್ಷತೆ ಹಂಚೋಣವೆಂದರೆ ಅರ್ಧ ಮಂದಿ ಆಗಲೇ ಊಟದ ಪಂಗತಿಯಲ್ಲಿ ಕೂತಿದ್ದರು.

ಇಂಥವನ ಜೊತೆ ಕಾಕಿ ಹೇಗೆ ಬಾಳುತ್ತಾಳೆ ಎಂದು ಎಲ್ಲರಿಗೂ ಆಶ್ಚರ್ಯ. ಮೇಲೆ ಗುಡುಗು ನಡೆದಿದ್ದರೆ ಕೆಳಗೆ ಅವಳು ತಣ್ಣಗೆ ರೊಟ್ಟಿ ಬಡಿಯುತ್ತಿದ್ದಳು. ಬರುಬರುತ್ತ ತಿಳಿಯಿತು, ಅವಳಿಗೆ ಕಿವಿ ಮಂದವಾಗುತ್ತಿತ್ತು. ಬಾಗಿಲ ಗಂಟೆ ಕೇಳದು, ಕುಕ್ಕರಿನ ಸೀಟಿ ಕೇಳದು. ಒಂದು ದಿನ ನನ್ನನ್ನು ಊಟಕ್ಕೆ ಕರೆದಿದ್ದಳು. ಬೇಳೆ ತಳಹತ್ತಿ ಮನೆಯೆಲ್ಲ ಹೊಗೆ. ಹಸಿದವನ ಸಿಟ್ಟು, ದಡದಡ ಮೇಲೆ ಹತ್ತಿದೆ.

"ಕಾಕಾ, ನಿನ್ನ ಈ ಗದ್ದಲದಿಂದೇ ಕಾಕಿ ಕಿವಿ ಹೋಗ್ಯಾವ."

ಅವನ ಬೆರಳು ತಂತಿಯ ಮೇಲೇ ನಿಂತಿತು. "ಖರೇನು?" ಎಂದ.

"ಮತ್ತ?" ಎಂದೆ, ನಾನು ಶತಮೂರ್ಖ. ಕಾಕಾ ಎದ್ದು ಪ್ಲಗ್ಗು ಕಿತ್ತ. ಕಾಕಿಗೆ ಏನೂ ಹೇಳಬೇಡ, ಅಂಜುತ್ತಾಳೆ ಎಂದಷ್ಟೇ ಹೇಳಿದ.

ಎರಡು ದಿನ ಓಣಿ ಹಾಯಾಗಿತ್ತು. ಮೂರನೆಯ ದಿನ ಪಕ್ಕದ ಮನೆಯವರೇ ಬಂದು, ಯಜಮಾನರಿಗೆ ಆರಾಮ ಇಲ್ಲವೇನು ಎಂದು ನನ್ನನ್ನು ವಿಚಾರಿಸಿದರು. ಕಾಕಾ ಸಂಜೆಯಾದರೆ ಎಂದಿನಂತೆ ಮಹಡಿ ಹತ್ತಿ, ಬಾಗಿಲು ಮುಚ್ಚಿ, ಗಿಟಾರು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದ. ಕಾಕಿಯ ಮುಖವೂ ಸಣ್ಣದಾಗಿತ್ತು. ಮಾತು ಕಡಿಮೆಯಾಗಿತ್ತು. ಮೂರು ವಾರವಾದ ಮೇಲೆ ತಡೆಯಲಾರದೆ ಇಬ್ಬರನ್ನೂ ಕಲಬುರಗಿಯ ಕಿವಿ ಡಾಕ್ಟರರ ಹತ್ತಿರ ಕರೆದುಕೊಂಡು ಹೊರಟೆ. ರೈಲು ಹತ್ತಿದರೆ ಸೀಟಿನ ಮೇಲೆ ತಾಳ ಬಡಿಯುವ ಕಾಕಾ ಚಿತ್ತಾಪುರ ದಾಟಿದರೂ ಕೈ ಕಟ್ಟಿಕೊಂಡೇ ಕೂತಿದ್ದ. ವಾಡಿಯಲ್ಲಿ ಚಹಾ ಬೇಡವೆಂದ. ಶಹಾಬಾದ್ ಬಂದಾಗ ನನ್ನ ಕಿವಿಯ ಹತ್ತಿರ ಬಾಗಿ, "ನನ್ನಿಂದೇ ಆಗಿದ್ರ ಹ್ಯಾಂಗಲೇ?" ಎಂದ.

ಡಾಕ್ಟರಮ್ಮ ಇಬ್ಬರ ಕಿವಿಯನ್ನೂ ಪರೀಕ್ಷಿಸಿದರು. ಸದ್ದಿನಿಂದ ಆಗಿದ್ದರೆ ಸ್ಪೀಕರಿನ ಪಕ್ಕ ಕೂರುವ ನಿಮ್ಮ ಕಿವಿ ಮೊದಲು ಹೋಗಬೇಕಿತ್ತು, ಅವು ಗಟ್ಟಿಯಾಗಿವೆ ಎಂದು ಕಾಕಾನಿಗೆ ಹೇಳಿದರು. ಕಾಕಿಯದು ವಯಸ್ಸಿನದು, ಅವಳ ತಾಯಿಗೂ ಹೀಗೇ ಆಗಿತ್ತಂತೆ. ಸಣ್ಣ ಸೀಟಿಯಂಥ ಸದ್ದು ಕೇಳುವುದಿಲ್ಲ, ದಪ್ಪ ಸದ್ದು ಚೆನ್ನಾಗಿಯೇ ಕೇಳುತ್ತದೆ, ಮಷೀನು ಹಾಕಿಕೊಂಡರೆ ಸಾಕು. ಅಬ್ಬಾ! ಮೂರು ವಾರದ ಮೇಲೆ ನಾನು ಪೂರ್ತಿ ಉಸಿರು ಬಿಟ್ಟೆ.

ಆದರೆ ಕಾಕಿ ತಲೆ ಅಲ್ಲಾಡಿಸಿದಳು. "ದಪ್ಪ ಸದ್ದೂ ಹೋಗ್ಯಾದ್ರಿ. ಮೊದ್ಲ ಇವ್ರ ಗಿಟಾರ್ ಅಡಗಿಮನ್ಯಾಗ ಬರೋಬ್ಬರಿ ಕೇಳ್ತಿತ್ತು. ಈಗ ಮೂರು ವಾರ ಆತು. ದಿನಾ ಮೆಟ್ಟಲ ಬುಡಕ ನಿಂತು ಕೇಳ್ತೀನಿ. ಏನೂ ಕೇಳಂಗಿಲ್ಲ. ಪೂರಾ ಕಿವುಡಿ ಆದೆ ಅಂತ ಅಂಜಿ ಯಾರಿಗೂ ಹೇಳಿಲ್ರಿ."

ಕಾಕಾ ಅವಳ ಎರಡೂ ಕೈ ಹಿಡಿದುಕೊಂಡ. ಹೊರಗೆ ಕೂತ ಪೇಷಂಟುಗಳಿಗೂ ಕೇಳುವಷ್ಟು ಜೋರಾಗಿ ಹೇಳಿದ: "ಹುಚ್ಚಿ, ನಾ ಬಾರಿಸೇ ಇಲ್ಲ!"

ಯಾಕೆ ಬಾರಿಸಲಿಲ್ಲ ಎಂದು ಅವಳು ಕೇಳಿದಳು. ಕಾಕಾ ನನ್ನ ಕಡೆ ನೋಡಿದ. ನಾನು ಗೋಡೆಯ ಮೇಲಿದ್ದ ಕಿವಿಯ ಚಿತ್ರವನ್ನು ಬಹಳ ಲಕ್ಷ್ಯದಿಂದ ನೋಡತೊಡಗಿದೆ.

ಸಂಜೆ ಮನೆಗೆ ಬಂದವನೇ ಕಾಕಾ ಚಪ್ಪಲಿ ಸಹಿತ ಮಹಡಿ ಹತ್ತಿದ. ಕಾಕಿ ಮೆಟ್ಟಿಲ ಬುಡದಲ್ಲಿ ಕೂತಳು, ಪಕ್ಕದಲ್ಲಿ ನಾನು. ಗಿಟಾರು ಒಮ್ಮೆ ಗುರ್ರೆಂದಿತು, ಹಿಂದೆಯೇ ಡ್ರಮ್ಮು. ಕಾಕಿ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಕೇಳ್ಲಿಕತ್ತದ" ಎಂದಳು.