ದೊಡ್ಡತ್ತೆಯ ಕಿತ್ತಳೆ ಕೋಟು

ಮದುವೆಗೆ ಮುಂಚೆ ಪೋಶುನ್ ಒಂದು ಭಾರೀ ತಪ್ಪು ತಿಳಿವಳಿಕೆಗೆ ಒಳಗಾಗಿದ್ದ. ತೈವಾನಿನ ದಕ್ಷಿಣಕ್ಕಿರುವ ಅವನ ಊರು ಕಾವ್‌ಶುಂಗ್‌ನಲ್ಲಿ ಮದುವೆಯೆಂದರೆ ಮೊದಲು ಫೋಟೋ, ಆಮೇಲೆ ಊಟ, ಪುರುಸೊತ್ತು ಉಳಿದರೆ ಸಂಸಾರ. ಫೋಟೋ ಸ್ಟುಡಿಯೋದ ಚಿಯೆನ್ ಎಂಬಾತ, “ಫ್ರೆಂಚ್ ಪ್ಯಾಕೇಜ್ ತಗೊಳ್ಳಿ ಸರ್, ಈಗ ಎಲ್ರೂ ಅದನ್ನೇ ತಗೋತಾರೆ” ಎಂದಾಗ, ಈ ಮಹಾಶಯ ಸ್ಟುಡಿಯೋದವರು ತಮ್ಮಿಬ್ಬರನ್ನೂ ಫ್ರಾನ್ಸಿಗೆ ಕರೆದೊಯ್ಯುತ್ತಾರೆಂದೇ ನಂಬಿಬಿಟ್ಟ. ಇಷ್ಟು ಅಗ್ಗಕ್ಕೆ ಹೇಗೆ ಗಿಟ್ಟುತ್ತದೆ ಎಂಬ ಸಣ್ಣ ಸಂಶಯವೊಂದು ಎದ್ದಿತ್ತು. ಹತ್ತಾರು ಜೋಡಿಗಳನ್ನು ಒಟ್ಟಿಗೆ ಸಾಗಿಸುತ್ತಾರೇನೋ ಎಂದು ಸಂಶಯಕ್ಕೆ ತಾನೇ ಸಮಾಧಾನ ಹೇಳಿ ಮಲಗಿಸಿದ. ಆಫೀಸಿನಲ್ಲಿ ರಜೆ ಬರೆದ. ಮ್ಯಾನೇಜರು ಬರುವಾಗ ಚಾಕೊಲೇಟು ತರಲು ಹೇಳಿದರು. ಗೊತ್ತುಮಾಡಿದ ದಿನ ಪಾಸ್‌ಪೋರ್ಟನ್ನು ಎದೆಯ ಜೇಬಿನಲ್ಲಿಟ್ಟು, ಸಾಲ ತಂದ ಸ್ವೆಟರುಗಳನ್ನು ತುಂಬಿದ ಸೂಟ್‌ಕೇಸನ್ನು ಎಳೆಯುತ್ತ ಸ್ಟುಡಿಯೋಕ್ಕೆ ಬಂದಿಳಿದ.

ಚಿಯೆನ್ ಸೂಟ್‌ಕೇಸನ್ನು ನೋಡಿದ. “ಬಟ್ಟೆ ನಾವೇ ಕೊಡ್ತೀವಿ ಸರ್,” ಎಂದ.

ಫ್ರಾನ್ಸ್ ಹಿಂದಿನ ಕೋಣೆಯಲ್ಲಿತ್ತು. ಗೋಡೆಯಗಲದ ಪರದೆ, ಅದರ ಮೇಲೊಂದು ಬೀದಿ, ದೀಪದ ಕಂಬ, ಕಂಬದ ಬುಡದಲ್ಲಿ ಒಂದು ಬೂದು ಬೆಕ್ಕು. ಸೂಟ್‌ಕೇಸಿನ ಮರ್ಮ ಗೊತ್ತಾದಾಗ ಮದುಮಗಳು ಯಾಜು ನಕ್ಕ ನಗುವಿಗೆ ಕಣ್ಣಿನ ಕಾಡಿಗೆಯೆಲ್ಲ ಗಲ್ಲಕ್ಕಿಳಿದು, ಮೇಕಪ್ಪಿನ ಹೆಂಗಸು ಎರಡು ಸಲ ಮುಖ ತಿದ್ದಬೇಕಾಯಿತು. ಆಲ್ಬಮ್ಮಿನ ಪ್ರತಿ ಫೋಟೋದಲ್ಲೂ ಅವಳು ಹಲ್ಲು ಕಾಣುವಂತೆ ನಗುತ್ತಿದ್ದಾಳೆ. ಬಂದ ನೆಂಟರು, “ಎಷ್ಟು ಖುಷಿಯಾಗಿದಾಳೆ ನೋಡಿ” ಎನ್ನುತ್ತಾರೆ. (ಕಾರಣವನ್ನು ಪೋಶುನ್ ಯಾರಿಗೂ ಹೇಳಿಲ್ಲ. ಅವಳು ಎಲ್ಲರಿಗೂ ಹೇಳಿದ್ದಾಳೆ.)

ಆ ಯಾಜು ಈಗ ನಿಜವಾದ ಫ್ರಾನ್ಸಿನಲ್ಲಿದ್ದಳು. ಲಿಯಾನ್ ಎಂಬ ಊರಿನಲ್ಲಿ ಬೆಣ್ಣೆ ಹಚ್ಚಿ ಪದರ ಪದರವಾಗಿ ಹಿಟ್ಟು ಮಡಿಸುವ ವಿದ್ಯೆ ಕಲಿಯಲೆಂದು ವಸಂತದಲ್ಲಿ ಹೋದವಳು, ಕಲಿತು ಮುಗಿಸಿ ಅಲ್ಲೇ ಒಂದು ಹಳೇ ಬೇಕರಿಯಲ್ಲಿ ಕೆಲಸಕ್ಕೆ ನಿಂತಿದ್ದಳು. ಬೇಕರಿಯ ಯಜಮಾನಿಗೆ ಅವಳ ಕೈಗುಣ ಹಿಡಿಸಿಬಿಟ್ಟಿತ್ತು. ಇನ್ನೊಂದು ವರ್ಷ ಇರು ಎಂದು ದುಂಬಾಲು ಬಿದ್ದಿದ್ದಳು. “ಯೋಚಿಸ್ತಿದೀನಿ” ಎಂದು ಯಾಜು ಫೋನಿನಲ್ಲಿ ಹೇಳಿದಂದಿನಿಂದ ಪೋಶುನ್‌ಗೂ ಅದೊಂದೇ ಯೋಚನೆ.

ಒಂಟಿ ಸಂಸಾರದ ಕಷ್ಟ ಏನೆಂದರೆ, ಯಾವುದೂ ಒಬ್ಬನ ಅಳತೆಗೆ ಸಿಗುವುದಿಲ್ಲ. ಒಬ್ಬನಿಗೆಂದು ಅನ್ನ ಮಾಡಿದರೆ ಕುಕ್ಕರಿನ ತಳಕ್ಕೆ ಹತ್ತುತ್ತದೆ. ತಳ ಹತ್ತದಂತೆ ಮಾಡಿದರೆ ಮೂರು ಹೊತ್ತು ಅದನ್ನೇ ತಿನ್ನಬೇಕು. ಸಂಜೆ ಕಸದ ಲಾರಿ ಸಂಗೀತ ನುಡಿಸುತ್ತ ಬೀದಿಗೆ ಬಂದಾಗ ಎಲ್ಲರೂ ದೊಡ್ಡ ದೊಡ್ಡ ಚೀಲ ಹಿಡಿದು ಓಡಿದರೆ, ಇವನು ಮುಷ್ಟಿಗಾತ್ರದ ಪೊಟ್ಟಣ ಹಿಡಿದು ನಿಲ್ಲುತ್ತಿದ್ದ. ಕೆಳಮನೆಯ ಹೆಂಗಸು ಆ ಪೊಟ್ಟಣವನ್ನು ನೋಡಿಯೇ, “ಇನ್ನೂ ಬಂದಿಲ್ವಾ?” ಎನ್ನುತ್ತಿದ್ದಳು. ಫೋನಿನಲ್ಲಿ ಅವನು ಲಿಯಾನಿನ ಹವಾಮಾನವನ್ನೇ ಇಟ್ಟುಕೊಂಡಿದ್ದ. ಆಫೀಸಿನಲ್ಲಿ ಯಾರಾದರೂ ಬೆವರು ಒರೆಸುತ್ತ “ಇವತ್ತು ಎಷ್ಟಿದೆಯಪ್ಪಾ?” ಎಂದರೆ “ಎರಡು ಡಿಗ್ರಿ” ಎಂದುಬಿಡುತ್ತಿದ್ದ.

ಆಫೀಸು ಎಂದರೆ ಏರ್‌ಕಂಡಿಷನರ್ ಕಂಪನಿಯ ದೂರು ವಿಭಾಗ. ತಂಪಾಗುತ್ತಿಲ್ಲವೆಂದು ಜನ ಫೋನಿನಲ್ಲಿ ಬಯ್ಯುವುದು, ಇವನು ಕ್ಷಮೆ ಕೇಳುವುದು. ಬೆಳಗಿನಿಂದ ಸಂಜೆಯವರೆಗೆ ಚಳಿ ಸಾಲದು ಎಂಬ ಮಾತನ್ನೇ ಕೇಳಿದವನಾದ್ದರಿಂದ ಚಳಿಯ ವಿಷಯದಲ್ಲಿ ತಾನು ಪಂಡಿತ ಎಂಬ ಭಾವನೆ ಅವನಿಗೆ ಬೆಳೆದುಬಿಟ್ಟಿತ್ತು.

ಹೊಸ ವರ್ಷದ ದೊಡ್ಡ ರಜೆಯಲ್ಲಿ ಲಿಯಾನಿಗೆ ಹೋಗುವುದು, ಬರುತ್ತೀಯೋ ಇಲ್ಲವೋ ಎಂದು ಎದುರಿಗೇ ಕೇಳುವುದು ಎಂದು ಅವನು ನಿರ್ಧರಿಸಿದ. ಆದರೆ ಕೇಳುವವನು ನೋಡಲು ಹೇಗಿರಬೇಕು? ಹೆಂಡತಿ ವಾಪಸ್ ಬರುವುದಕ್ಕೆ ಯೋಗ್ಯನಾದ ಗಂಡನ ಹಾಗೆ ಇರಬೇಕು. ಅದು ಬಟ್ಟೆಯಿಂದ ಸಾಧ್ಯ ಎಂದು ಅವನಿಗೆ ತೋರಿತು. (ಮುಖದಿಂದ ಸಾಧ್ಯವಿಲ್ಲವೆಂಬುದು ಮದುವೆ ಆಲ್ಬಮ್ಮಿನಲ್ಲೇ ಸಾಬೀತಾಗಿತ್ತು.)

“ಬರೋದೇನೋ ಬಾ. ದೊಡ್ಡತ್ತೆಯ ಕೋಟು ತಗೊಂಡು ಬಾ,” ಎಂದಳು ಯಾಜು ಫೋನಿನಲ್ಲಿ.

“ಆ ಕಿತ್ತಳೆ ಗುಡ್ಡಾನಾ? ಲಿಯಾನಿನಲ್ಲಿ ಜನ ಎಂಥ ಬಟ್ಟೆ ಹಾಕ್ತಾರೆ ಗೊತ್ತಾ ನಿನಗೆ?”

“ನಾನು ಲಿಯಾನಿನಲ್ಲೇ ಇದೀನಿ ಮಾರಾಯ.”

“ಹೌದಲ್ಲ. ಎಂಥದು ಹಾಕ್ತಾರೆ?”

“ಚಳಿ ಆಗದೇ ಇರೋಂಥದು. ಕೋಟು ಮರೀಬೇಡ.”

ಮತ್ತೊಂದು ದಿನ ಫೋನು ಮಾಡಿದಾಗಲೂ ಅದೇ ಮಾತು. ತನ್ನನ್ನು ಅವಳು ಇನ್ನೂ ಸೂಟ್‌ಕೇಸು ಹಿಡಿದು ಸ್ಟುಡಿಯೋಕ್ಕೆ ಬಂದ ಹಳ್ಳಿಮುಕ್ಕನೆಂದೇ ಎಣಿಸಿದ್ದಾಳೆ ಎಂದು ಅವನಿಗೆ ಒಳಗೊಳಗೇ ಚುಚ್ಚಿತು.

ಆ ಕೋಟಿನ ವಂಶವೃತ್ತಾಂತ ಇಷ್ಟು. ಪೋಶುನ್‌ನ ತಂದೆಯ ಅಕ್ಕ ದೊಡ್ಡತ್ತೆ; ವೃತ್ತಿಯಿಂದ ಮೀನುಂಡೆಯ ಸಾರಿನ ಅಂಗಡಿಯವಳು, ಪ್ರವೃತ್ತಿಯಿಂದ ಇಡೀ ಕುಲದ ಗೃಹಮಂತ್ರಿ. ಒಂದು ಕಾಲದಲ್ಲಿ ಆಕೆ ಜಪಾನಿನ ಹಿಮ ನೋಡಲು ಹೊರಟಾಗ ಕೊಂಡ ಕೋಟು ಅದು. ಮನೆತನದಲ್ಲಿ ಅತ್ಯಂತ ದಪ್ಪಗಿದ್ದ ಮೂರನೇ ಚಿಕ್ಕಪ್ಪನ ಅಳತೆಗೆ ಕೊಂಡಿದ್ದಳು, ಎಲ್ಲರಿಗೂ ಆಗಲೆಂದು. ಅಂದಿನಿಂದ ಮನೆಯವರು ಯಾರೇ ಚಳಿದೇಶಕ್ಕೆ ಹೋಗಲಿ, ಅದನ್ನೇ ತೊಟ್ಟು ಹೋಗಬೇಕು. ತೊಟ್ಟು ಫೋಟೋ ತೆಗೆಸಬೇಕು. ಫೋಟೋ ದೊಡ್ಡತ್ತೆಯ ಗೋಡೆಗೆ ಏರಬೇಕು. ದೂರದಿಂದ ಆ ಗೋಡೆಯನ್ನು ನೋಡಿದರೆ, ಯಾರೋ ಒಬ್ಬರೇ ದೇಶ ಸುತ್ತುತ್ತ ತಲೆ ಬದಲಾಯಿಸುತ್ತಿದ್ದಾರೆ ಎನಿಸುತ್ತಿತ್ತು. ಇನ್ನೊಂದು ಕೋಟು ಕೊಳ್ಳುವ ಮಾತು ಬಂದರೆ ಆಕೆಯ ಉತ್ತರ ಒಂದೇ: “ಮನೇಲಿ ಕೋಟಿದೆಯಲ್ಲ.”

ಒಂದು ಭಾನುವಾರ ದೊಡ್ಡತ್ತೆ ಸ್ಕೂಟರಿನಲ್ಲಿ ಬಂದಳು. ಹಿಂದಿನ ಸೀಟಿನಲ್ಲಿ ಕೋಟು, ಹಗ್ಗದಿಂದ ಆಕೆಯ ಸೊಂಟಕ್ಕೇ ಬಿಗಿದಿತ್ತು. ಅದಕ್ಕೊಂದು ಹೆಲ್ಮೆಟ್ ಇಲ್ಲವೆಂದು ಸಿಗ್ನಲಿನ ಪೊಲೀಸ್ ಹಿಡಿಯದಿದ್ದದ್ದು ಪುಣ್ಯ. ಮನೆಯೊಳಗೆ ಬಂದದ್ದೇ ನುಸಿಗುಳಿಗೆ, ತಲೆನೋವಿನ ಹಸಿರು ಎಣ್ಣೆ ಎರಡರ ವಾಸನೆ ತುಂಬಿಕೊಂಡಿತು.

“ಹೊಸ ವರ್ಷದ ಊಟಕ್ಕೆ ನೀನಿರಲ್ಲ. ಆಗಲಿ, ಹೊಟ್ಟೆಗೆ ಹಾಕ್ಕೊಂಡೆ. ಕೋಟು ಮಾತ್ರ ಹೋಗ್ಲೇಬೇಕು.”

“ನಾನು ಹೋಗ್ತಿದೀನಲ್ಲ ಅತ್ತೆ.”

“ನೀನು ಹೋದ್ರೆಷ್ಟು ಬಿಟ್ರೆಷ್ಟು. ಕೋಟು ಹೋಗಬೇಕು. ಅಲ್ಲೊಂದು ಫೋಟೋ ತೆಗೆಸಿ ಮನೆಯವರ ಫೋನ್ ಗುಂಪಿಗೆ ಹಾಕು. ಗೋಡೆ ಮೇಲೆ ಜಾಗ ಬಿಟ್ಟಿದೀನಿ.” ಅನ್ನದ ಕುಕ್ಕರಿನ ಮುಚ್ಚಳ ಎತ್ತಿ ನೋಡಿದಳು. ತಳ ಹತ್ತಿತ್ತು. ಮುಚ್ಚಳವನ್ನು ಮೊದಲಿನ ಹಾಗೇ ಇಟ್ಟು ಸ್ಕೂಟರಿನ ಕೀಲಿ ಎತ್ತಿಕೊಂಡಳು.

ಮರುದಿನ ಅವನು ಪೇಟೆಯ ದೊಡ್ಡ ಅಂಗಡಿಗೆ ಹೋಗಿ ಕುಲಾಚಾರ ಮುರಿದ. ಬೂದಿ ಬಣ್ಣದ ತೆಳುವಾದ ಉಣ್ಣೆಯ ಉದ್ದ ಕೋಟು. ಕನ್ನಡಿಯಲ್ಲಿ ಯಾರೋ ಬೇರೆಯೇ ಮನುಷ್ಯ ಕಂಡ. ಹೆಂಡತಿ ಬಿಟ್ಟುಹೋಗುವಂಥ ಮನುಷ್ಯನಾಗಿ ಕಾಣಲಿಲ್ಲ. ಗುಂಡಿ ಹಾಕಬೇಕಾದರೆ ಮಾತ್ರ ಉಸಿರು ಬಿಡುವ ಹಾಗಿರಲಿಲ್ಲ.

“ಗುಂಡಿ ಕೂರ್ತಿಲ್ಲವಲ್ಲಮ್ಮ.”

“ಇದನ್ನ ಯಾರೂ ಗುಂಡಿ ಹಾಕಲ್ಲ ಸರ್. ತೆರೆದೇ ಬಿಡ್ತಾರೆ,” ಎಂದಳು ಅಂಗಡಿಯ ಹುಡುಗಿ. ಮೊನಚು ಮೂತಿಯ ಬೂಟು, ನೂಲಿಗಿಂತ ಶೋಕಿಯೇ ಹೆಚ್ಚಿದ್ದ ಶಾಲು ಕೂಡ ಬಂದವು.

ಮನೆಯಲ್ಲಿ ವೈಜ್ಞಾನಿಕ ಪರೀಕ್ಷೆ ನಡೆಯಿತು. ಏರ್‌ಕಂಡಿಷನರನ್ನು ಕನಿಷ್ಠಕ್ಕಿಳಿಸಿ, ಬೂಟು ಕೋಟು ಶಾಲು ಸಮೇತ ಸೋಫಾದ ಒಂದು ತುದಿಯಲ್ಲಿ ಕುಳಿತ. (ಇನ್ನೊಂದು ತುದಿ ಯಾಜುವಿನದು. ಅವಳಿಲ್ಲದಾಗಲೂ ಅವನು ಅತ್ತ ಸರಿಯುತ್ತಿರಲಿಲ್ಲ.) ಸ್ವಲ್ಪ ಹೊತ್ತಿಗೇ ಬೆನ್ನು ಬೆವರಿತು. ಕೋಟು ಅಗತ್ಯಕ್ಕಿಂತ ಬೆಚ್ಚಗಿದೆ ಎಂದು ದೂರು ವಿಭಾಗ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಕಸದ ಲಾರಿಯ ಸಂಗೀತ ಕೇಳಿ ಅದೇ ವೇಷದಲ್ಲಿ ಪೊಟ್ಟಣ ಹಿಡಿದು ಕೆಳಗೋಡಿದ.

“ಜ್ವರಾನಾ?” ಎಂದಳು ಕೆಳಮನೆಯ ಹೆಂಗಸು. “ನೋಡ್ಕೊಳ್ಳೋರು ಬೇರೆ ಯಾರೂ ಇಲ್ಲ, ಪಾಪ.”

ಇನ್ನು ಸೂಟ್‌ಕೇಸು. ಕಿತ್ತಳೆ ಕೋಟನ್ನು ಒಳಗಿಟ್ಟರೆ ಯಾರೋ ಕುಕ್ಕರುಗಾಲಲ್ಲಿ ಅಡಗಿ ಕೂತಂತೆ ಕಾಣುತ್ತಿತ್ತು. ಗಾಳಿ ಹೀರುವ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ಕಸ ಎಳೆಯುವ ಯಂತ್ರದ ಕೊಳವೆ ಸಿಕ್ಕಿಸಿ, ಒಣಮೀನಿನಷ್ಟು ಚಪ್ಪಟೆ ಮಾಡಿದ. ಚೀಲದಲ್ಲೆಲ್ಲೋ ಸೂಜಿಮೊನೆಯ ತೂತಿತ್ತು. ಮುಖ ತೊಳೆದು ಬರುವಷ್ಟರಲ್ಲಿ ಸೂಟ್‌ಕೇಸಿನ ಮುಚ್ಚಳ ತಾನಾಗಿ ಎದ್ದು, ಒಳಗಿಂದ ಕಿತ್ತಳೆ ತೋಳೊಂದು ಹೊರಬಂದು ಅವನ ಹೊಸ ಬೂಟಿನ ಮೇಲೆ ಕೈಯಿಟ್ಟಿತ್ತು. ಮೈಮೇಲೆ ಬೂದಿ ಕೋಟು, ಪೆಟ್ಟಿಗೆಯೊಳಗೆ ಇದು ಹಿಡಿಸದು. ಒಂದು ಉಳಿಯಬೇಕು. ಆದರೆ ಗೋಡೆಗೆ ಫೋಟೋ ಬೇಕು.

ಆಗ ಹೊಳೆಯಿತು ಆ ದಿವ್ಯ ಉಪಾಯ.

“ಮದುಮಗಳು ಎಲ್ಲಿ ಸರ್?” ಎಂದ ಚಿಯೆನ್, ಸ್ಟುಡಿಯೋದ ಬಾಗಿಲಲ್ಲಿ.

“ಫ್ರಾನ್ಸಿನಲ್ಲಿ.”

ಚಿಯೆನ್ ಹಿಂದಿನ ಕೋಣೆಯತ್ತ ಒಮ್ಮೆ ನೋಡಿದ, ಇವನ ಕಂಕುಳಲ್ಲಿದ್ದ ಕಿತ್ತಳೆ ಮೂಟೆಯನ್ನು ಒಮ್ಮೆ ನೋಡಿದ. “ಬನ್ನಿ,” ಎಂದ.

ಪರದೆ ಅದೇ. ಬೆಕ್ಕು ಕೂಡ ಅಲ್ಲೇ ಇತ್ತು, ಸ್ವಲ್ಪ ಮಾಸಿತ್ತು. ಚಿಯೆನ್ ಏಣಿ ಹತ್ತಿ ಥರ್ಮಕೋಲಿನ ಹಿಮ ಉದುರಿಸಿದ.

“ಪಕ್ಕಕ್ಕೆ ನಿಂತುಬಿಟ್ಟಿದೀರಿ ಸರ್. ನಡುವಿಗೆ ಬನ್ನಿ.”

ಬಂದ.

“ಇನ್ನೂ ಸ್ವಲ್ಪ ಬನ್ನಿ. ಎಡಗಡೆ ಅಷ್ಟು ಜಾಗ ಯಾಕೆ?”

ಎಡಗಡೆ ಹೋದ ಸಲ ಯಾರು ನಿಂತಿದ್ದರೆಂದು ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಚಿಯೆನ್ ಕ್ಯಾಮೆರಾದ ಹಿಂದೆ ಮುಖ ಮರೆಸಿಕೊಂಡ. “ಇರಲಿ, ಅಲ್ಲೇ ಇರಿ. ಸ್ವಲ್ಪ ನಗಿ,” ಎಂದ. ನಗು ಬರಲಿಲ್ಲ. ಹಿಂದಿನ ಸಲ ಆ ಕೆಲಸವನ್ನು ಇನ್ನೊಬ್ಬರು ವಹಿಸಿಕೊಂಡಿದ್ದರು.

ಕಿತ್ತಳೆ ಕೋಟು ಕಪಾಟಿನಲ್ಲಿ, ಯಾಜು ಬಿಟ್ಟುಹೋದ ಬೇಸಿಗೆ ಲಂಗಗಳ ಪಕ್ಕ ತೂಗಿತು. ಪೋಶುನ್ ಬೂದಿ ಬಣ್ಣದಲ್ಲಿ ವಿಮಾನ ಹತ್ತಿದ.

ಲಿಯಾನಿನ ರೈಲು ನಿಲ್ದಾಣದಿಂದ ಹೊರಗೆ ಕಾಲಿಟ್ಟಾಗ ಗೊತ್ತಾಯಿತು, ಏರ್‌ಕಂಡಿಷನರಿನ ತಂಪು ಬೇರೆ, ಚಳಿಯೇ ಬೇರೆ. ಏರ್‌ಕಂಡಿಷನರ್ ಒಂದು ಕಡೆಯಿಂದ ಬರುತ್ತದೆ. ಇದು ಗುಂಡಿ ಹಾಕದ ಕೋಟನ್ನು ಹುಡುಕಿಕೊಂಡು ಬಂದಿತ್ತು. ಸುತ್ತಲೂ ಫ್ರೆಂಚ್ ಜನ ಕತ್ತಿನಿಂದ ಮೊಣಕಾಲಿನವರೆಗೆ ಹಾಸಿಗೆ ಸುತ್ತಿಕೊಂಡಂಥ ಕೋಟುಗಳಲ್ಲಿ ಉರುಳಿಕೊಂಡು ಹೋಗುತ್ತಿದ್ದರು. ಇಡೀ ನಿಲ್ದಾಣದಲ್ಲಿ ಶೋಕಿಯಾಗಿದ್ದವನು ಇವನೊಬ್ಬನೇ.

ಯಾಜು ಬಂದಳು. ಊರಿನಿಂದ ಒಯ್ದ ತೆಳು ಜಾಕೆಟು ಎರಡನ್ನು ಒಂದರ ಮೇಲೊಂದು ಹಾಕಿದ್ದಳು. ಮೂಗು ಕೆಂಪಾಗಿತ್ತು, ಹುಬ್ಬಿನ ಮೇಲೆ ಹಿಟ್ಟು. ಮೊದಲು ನೋಡಿದ್ದು ಗಂಡನನ್ನಲ್ಲ, ಸೂಟ್‌ಕೇಸನ್ನು.

“ಇಷ್ಟೇನಾ?”

“ಹೇಗೆ ಕಾಣ್ತಿದೀನಿ?”

“ನಡುಗ್ತಿರೋ ಹಾಗೆ ಕಾಣ್ತಿದೀಯ.”

ನದಿಯ ಪಕ್ಕದ ಬೆಂಚಿನ ಮೇಲೆ ಕುಳಿತರು. ಅವಳು ತಾನೇ ಬೇಯಿಸಿದ ಬಿಸಿ ಬನ್ನೊಂದನ್ನು ಕಾಗದದಲ್ಲಿ ಸುತ್ತಿ ತಂದಿದ್ದಳು. ಇಷ್ಟು ತಿಂಗಳ ಮೇಲೆ ಪಕ್ಕದಲ್ಲಿ ಕೂತವಳಿಗೆ ಏನು ಹೇಳಬೇಕೆಂದು ತಿಳಿಯದೆ, ಮೊದಲು ದೊಡ್ಡತ್ತೆಯ ಬಾಕಿ ತೀರಿಸಿಬಿಡೋಣವೆಂದು ಪೋಶುನ್ ಮನೆಯವರ ಫೋನ್ ಗುಂಪಿಗೆ ಚಿಯೆನ್ ತೆಗೆದ ಫೋಟೋ ಕಳಿಸಿದ. ಆ ಗುಂಪಿನಲ್ಲಿ ಯಾಜುವೂ ಇದ್ದಾಳೆಂಬುದು ಉಪಾಯದಲ್ಲಿ ಬಿಟ್ಟುಹೋಗಿದ್ದ ಒಂದು ಸಣ್ಣ ವಿವರ. ಅವಳ ಜೇಬು ಟಿಣ್ ಎಂದಿತು.

ಅವಳು ನೋಡಿದಳು. ತುಂಬ ಹೊತ್ತು ನೋಡಿದಳು. “ಈ ಬೆಕ್ಕು ನನಗೆ ಗೊತ್ತು,” ಎಂದಳು.

ಆಮೇಲೆ ನಕ್ಕಳು. ಅದೇ ನಗು, ಆಲ್ಬಮ್ಮಿನದು. ಹುಬ್ಬಿನ ಹಿಟ್ಟು ಕಣ್ಣೀರಿಗೆ ಕಲೆಸಿಹೋಯಿತು. ಇಷ್ಟಕ್ಕೇ ವಿಮಾನದ ಖರ್ಚು ಬಂದಂತಾಯಿತು ಎಂದು ಅವನು ಅಂದುಕೊಳ್ಳುತ್ತಿರುವಾಗಲೇ ಇಬ್ಬರ ಫೋನುಗಳೂ ಒಟ್ಟಿಗೆ ಟಿಣ್ ಎಂದವು. ದೊಡ್ಡತ್ತೆ ಬರೆದಿದ್ದಳು: “ಚೆನ್ನಾಗಿದೆ. ಫ್ರಾನ್ಸಿನಲ್ಲಿ ಸೆಕೆ ಅಂತ ಕಾಣತ್ತೆ, ಹಣೆ ಬೆವರಿದೆ. ಫೋಟೋ ಆಯ್ತಲ್ಲ, ಈಗ ಬಿಚ್ಚಿ ಯಾಜುಗೆ ಕೊಡು.”

ನಗು ನಿಂತಿತು.

“ನಿನಗ್ಯಾಕೆ ಕೊಡಬೇಕು?” ಎಂದ ಪೋಶುನ್.

“ದೊಡ್ಡತ್ತೆ ಹತ್ರ ಕೋಟು ಕೇಳಿದ್ದೇ ನಾನು. ಬೇಕರಿಗೆ ಕತ್ತಲಲ್ಲೇ ಎದ್ದು ಹೋಗಬೇಕು. ಎಲ್ಲಿಟ್ಟಿದೀಯ?”

“ಕಪಾಟಿನಲ್ಲಿ.”

“ಯಾವ ಕಪಾಟು?”

“ನಮ್ಮದು. ನಿನ್ನ ಲಂಗದ ಪಕ್ಕ.” ಅವನ ಹಲ್ಲು ಕಟಕಟ ಎನ್ನುತ್ತಿತ್ತು. “ನಿನಗೆ ಬೇಕು ಅಂತ ಒಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ, ಇನ್ನೊಂದು ಚಳಿಗಾಲಕ್ಕಾ ಅಂತ ಕೇಳ್ತಿದ್ದೆ ನೀನು. ಆಮೇಲೆ ಸುಮ್ಮನಾಗಿಬಿಡ್ತಿದ್ದೆ. ನೀನು ಸುಮ್ಮನಾಗೋದು ಇಲ್ಲೀವರೆಗೂ ಕೇಳಿಸತ್ತೆ.”

“ಇಲ್ಲೇ ಒಂದು ಕೊಂಡುಕೊಳ್ಳೋದು ತಾನೇ?”

“ಮನೇಲಿ ಕೋಟಿದೆಯಲ್ಲ,” ಎಂದಳು ಯಾಜು, ದೊಡ್ಡತ್ತೆಯ ರಾಗದಲ್ಲೇ.

ಪೋಶುನ್ ನದಿಯನ್ನು ನೋಡಿದ. ವಿಮಾನದಲ್ಲಿ ಅವನು ಗಂಭೀರವಾದ ಮಾತುಗಳನ್ನು ಸಾಲಾಗಿ ಜೋಡಿಸಿಕೊಂಡಿದ್ದ. ದಾಂಪತ್ಯ, ಭವಿಷ್ಯ, ಪರಸ್ಪರ ಗೌರವ ಮುಂತಾದವು ಅದರಲ್ಲಿದ್ದವು. ನಡುಗುವ ಬಾಯಿಯಲ್ಲಿ ಅವು ಯಾವುವೂ ಹಿಡಿಸಲಿಲ್ಲ. ಯಾಜು ಬನ್ನನ್ನು ಮುರಿದು ದೊಡ್ಡ ತುಂಡನ್ನು ಅವನ ಕೈಗಿಟ್ಟಳು. ಒಳಗಿಂದ ಹಬೆ ಬಂತು.

“ಯಾಜು, ನೀನು ಇಲ್ಲೇ ಉಳೀತೀಯಾ?”

ಅವಳು ಬಾಯಲ್ಲಿದ್ದದ್ದನ್ನು ಪೂರ್ತಿ ಅಗಿದು ನುಂಗಿದಳು.

“ಕೋಟು ತಂದಿದ್ರೆ ಉಳೀತಿದ್ದೆ.”