ದೋಣಿ ಕೊಳ್ಳದೆ ದಿನ ತಳ್ಳಿದ್ದು

ಬೇಡ ಎನ್ನುವ ಧೈರ್ಯವಿಲ್ಲದವರು ‘ಇನ್ನೊಂದು ಸಲ ನೋಡೋಣ’ ಎನ್ನುತ್ತಾರೆ. ನಾನು ಆ ಪೈಕಿ. ಹೀಗೆ ನೋಡುತ್ತ ನೋಡುತ್ತ ನಮ್ಮ ಮನೆಗೆ ವಾಷಿಂಗ್ ಮೆಷಿನ್ ಬರುವುದೇ ಎರಡು ವರ್ಷ ತಡವಾಯಿತು. ಅದಕ್ಕೆ ಕಾರಣ ಬರೀ ಸೋಮಾರಿತನ. ಮೋಟಾರು ದೋಣಿಯ ವಿಷಯ ಬೇರೆ. ನನಗೆ ನೀರೆಂದರೆ ಭಯ. ಚಂದ್ರಾ ಲೇಔಟಿನಲ್ಲಿ ಸ್ವಂತ ಅಂಗಡಿ ಇಟ್ಟುಕೊಂಡು, ಐವತ್ತು ದಾಟಿದ ಗಂಡಸು ಇದನ್ನು ಮನೆಯಲ್ಲಿ ಯಾವ ಬಾಯಲ್ಲಿ ಹೇಳುವುದು?

ದೋಣಿಯ ಆಸೆ ಅಮ್ಮನದು. ಮಾಗಡಿ ಕಡೆ, ಹಿನ್ನೀರಿನ ದಡದಲ್ಲಿ ನನ್ನ ಭಾವಮೈದುನನ ತೋಟವಿದೆ. ವರ್ಷಕ್ಕೊಮ್ಮೆ ಹೋಗಿ, ದಡದಲ್ಲಿ ಕೂತು ಚಿತ್ರಾನ್ನ ತಿಂದು ಬರುತ್ತೇವೆ. ಹೋದ ಸಲ ಅಮ್ಮ, “ಮಂಡಿ ಮಾತು ಕೇಳ್ತಿರೋವಾಗ್ಲೇ ಒಂದ್ಸಲ ನಡುನೀರಿಗೆ ಹೋಗ್ಬರ್ಬೇಕು ಕಣೋ” ಅಂದಳು. ಭಾವಮೈದುನ ತೋಟಕ್ಕೊಂದು ದೋಣಿ ಇರಲಿ ಎಂದು ಪರವಾನಗಿಯನ್ನೂ ಮಾಡಿಸಿಬಿಟ್ಟ. ಸಿಟಿಯಲ್ಲಿರುವವನು ನಾನಾದ್ದರಿಂದ ಆರಿಸುವ ಕೆಲಸ ನನ್ನ ತಲೆಗೆ ಬಂತು.

ನಾಯಂಡಹಳ್ಳಿಯ ಗೋಡೌನೊಂದರಲ್ಲಿ ಎರಡು ದೋಣಿಗಳಿದ್ದವು. ಒಂದಕ್ಕೆ ನೀಲಿ ಪಟ್ಟೆ, ಇನ್ನೊಂದಕ್ಕೆ ಹಸಿರು. ಇಂಜಿನ್ ಒಂದೇ, ಉದ್ದ ಒಂದೇ, ಸೀಟು ಆರಾರು. ದಿನ ತಳ್ಳುವವನಿಗೆ ಇದಕ್ಕಿಂತ ಅನುಕೂಲ ಬೇಕೆ? ನೀಲಿಯಲ್ಲಿ ಕೊಳೆ ಕಾಣುತ್ತದೆ ಎಂದು ಒಂದು ವಾರ, ಹಸಿರು ದೂರಕ್ಕೆ ಕಾಣುವುದೇ ಇಲ್ಲ ಎಂದು ಇನ್ನೊಂದು ವಾರ ಕಳೆದೆ. ಟೇಪು ಹಿಡಿದು ಎರಡನ್ನೂ ಅಳೆದೆ. “ಸಾರ್, ಎರಡೂ ಒಂದೇ ಅಚ್ಚಲ್ಲಿ ಮಾಡಿರೋದು, ಕಣ್ಮುಚ್ಕೊಂಡು ಒಂದನ್ನ ಮುಟ್ಟಿ” ಎಂದು ಮಾಲೀಕ ಕೈಮುಗಿದ. ಅಷ್ಟರಲ್ಲಿ ಆಷಾಢ ಬಂದು ನನ್ನನ್ನು ಕಾಪಾಡಿತು. ಆಷಾಢದಲ್ಲಿ ಯಾರಾದರೂ ಹೊಸ ಗಾಡಿ ತರುತ್ತಾರೆಯೇ? ಪಂಚಾಂಗದ ಮೇಲೆ ನನಗೆ ಅಷ್ಟು ಭಕ್ತಿ ಹಿಂದೆಂದೂ ಹುಟ್ಟಿರಲಿಲ್ಲ.

ಶ್ರಾವಣದ ಮೊದಲ ಭಾನುವಾರ ನನ್ನ ಹೆಂಡತಿ ಸುಮಾ, ಅಮ್ಮನನ್ನೂ ಮಗಳು ಚೈತ್ರಾಳನ್ನೂ ನನ್ನನ್ನೂ ಗೋಡೌನಿಗೆ ಹೊರಡಿಸಿದಳು. “ಸೀರೆ ಆದ್ರೆ ಹೆಗಲ ಮೇಲೆ ಹಾಕ್ಕೊಂಡು ನೋಡ್ತೀವಿ. ದೋಣೀನ ಕೂತೇ ನೋಡ್ಬೇಕು” ಅಂದಳು. ಮರದ ದಿಮ್ಮಿಗಳ ಮೇಲಿದ್ದ ಹಸಿರು ದೋಣಿಗೆ ಎಲ್ಲರೂ ಸ್ಟೂಲಿಟ್ಟುಕೊಂಡು ಹತ್ತಿದೆವು. ಸುಮಾ ಚಿತ್ರಾನ್ನದ ಡಬ್ಬಿ ತೆರೆದಳು. ಮಾಲೀಕನಿಗೂ ಒಂದು ತಟ್ಟೆ ಹೋಯಿತು. ಚೈತ್ರಾ ಸೀಟು ಬದಲಾಯಿಸಲು ಎದ್ದಾಗ ದೋಣಿ ಕೂದಲೆಳೆಯಷ್ಟು ಅಲುಗಿತು. ನಾನು ತಟ್ಟೆ ಬಿಟ್ಟು ಎರಡೂ ಕೈಯಲ್ಲಿ ಅಂಚು ಹಿಡಿದೆ.

“ಯಾಕೋ, ಸಿಮೆಂಟ್ ನೆಲದಲ್ಲೂ ಮುಳುಗ್ತೀಯಾ?” ಎಂದು ಅಮ್ಮ ನಕ್ಕಳು. ನಾನು ನಗಲಿಲ್ಲ. “ಅಮ್ಮಾ, ನಂಗೆ ನೀರಂದ್ರೆ ಭಯ. ಅದಕ್ಕೇ ಇಷ್ಟು ದಿನ ಎಳೆದೆ” ಅಂದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಅಮ್ಮ ನನ್ನ ಷರ್ಟಿನ ಮೇಲಿನ ಅನ್ನದ ಅಗುಳು ತೆಗೆದಳು. “ನಂಗೂ ಭಯಾನೇ ಕಣೋ. ನೀನು ಪಕ್ಕದಲ್ಲಿದ್ರೆ ಧೈರ್ಯ ಅಂತ ನಿಂಗೆ ಹೇಳಿದ್ದು” ಅಂದಳು. ಆಮೇಲೆ ಮಾಲೀಕನ ಕಡೆ ತಿರುಗಿ, “ಏನಪ್ಪಾ, ಹಿಡ್ಕೊಳ್ಳೋಕೆ ಕಂಬಿ ಇರೋದು ಯಾವ್ದಕ್ಕೆ?” ಎಂದು ಕೇಳಿದಳು.

“ನೀಲಿಗಿದೆ ಅಮ್ಮಾ. ಆಮೇಲೆ ಹಾಕ್ಸಿದ್ದು.”

ಇಷ್ಟು ದಿನ ಟೇಪು ಹಿಡಿದು ಸುತ್ತಿದ್ದರೂ ನನಗದು ಕಂಡಿರಲಿಲ್ಲ. ಅಳೆದದ್ದೆಲ್ಲ ಹೊರಗಿನಿಂದ, ಒಳಗೆ ಹತ್ತಿಯೇ ಇರಲಿಲ್ಲ.

ನೀಲಿ ದೋಣಿ ತೋಟ ಸೇರಿತು. ಮುಂದಿನ ಭಾನುವಾರ ನಾನು ಲೈಫ್ ಜಾಕೆಟ್ ಹಾಕಿಕೊಂಡು ಅಮ್ಮನ ಪಕ್ಕ ಕೂತೆ. ಅಮ್ಮ ನನ್ನ ಬೆಲ್ಟನ್ನು ತಾನೇ ಬಿಗಿದು, ಕೈ ಹಿಡಿದುಕೊಂಡಳು. ಕಾರು ಆಗಿನ್ನೂ ಚಂದ್ರಾ ಲೇಔಟಿನ ನಮ್ಮ ಮನೆಯ ಗೇಟು ದಾಟಿರಲಿಲ್ಲ.